ಹೂಂ ಅಂದರೆ ಊಹೂಂ

ಈ ಸಲ ಜುರ್ಜು ಊರಿನವರ ಸೊಕ್ಕು ಮುರಿಯದಿದ್ದರೆ ನನ್ನ ಹೆಸರು ಲ್ಯುಬೆನ್ ಅಲ್ಲ ಎಂದು ಸೆಪ್ಟೆಂಬರ್ ಒಂದರಂದು ನಾನು ಘೋಷಿಸಿದೆ. ಈ ಐತಿಹಾಸಿಕ ಘೋಷಣೆಗೆ ಸಾಕ್ಷಿಯಾಗಿ ನಮ್ಮ ಅಡುಗೆಮನೆಯಲ್ಲಿ ಇದ್ದದ್ದು ನನ್ನ ಹೆಂಡತಿ ಝಿವ್ಕಾ ಮತ್ತು ನಲವತ್ತು ಕಿಲೋ ಕೆಂಪು ದೊಣ್ಣೆ ಮೆಣಸಿನಕಾಯಿ.

"ಹೆಸರು ಬದಲಾಯಿಸೋದಾದ್ರೆ ಮೊದಲೇ ಹೇಳು. ಕರೆಂಟ್ ಬಿಲ್ಲಲ್ಲೂ ಬದಲಾಯಿಸ್ಬೇಕಾಗತ್ತೆ" ಎಂದಳು ಝಿವ್ಕಾ, ತೊಟ್ಟು ಮುರಿಯುತ್ತಾ.

ಜುರ್ಜು ಇರುವುದು ಡ್ಯಾನ್ಯೂಬ್ ನದಿಯ ಆಚೆ ದಡದಲ್ಲಿ, ರುಮೇನಿಯಾದಲ್ಲಿ. ಈಚೆ ದಡದಲ್ಲಿ ನಾವು, ರೂಸೆ ಊರಿನ ಬಲ್ಗೇರಿಯನ್ನರು. ನಡುವೆ ಒಂದು ದೊಡ್ಡ ಸೇತುವೆ. ಅದಕ್ಕೆ ಹಿಂದೆ ಸ್ನೇಹಸೇತುವೆ ಎಂದೇ ಹೆಸರಿಟ್ಟಿದ್ದರು. ಹೆಸರಿಟ್ಟವರು ಯಾರೂ 'ಉಕ್ಕಿನ ಕೋಟೆ' ಆಡಿದವರಲ್ಲ. ಕಂಪ್ಯೂಟರಿನಲ್ಲಿ ನಾಲ್ವರ ಮೇಲೆ ನಾಲ್ವರು ಗುಂಡು ಹಾರಿಸುವ ಆಟ ಅದು. ನದೀತೀರದ ಊರುಗಳ ಪಂದ್ಯಾವಳಿಯಲ್ಲಿ ಜುರ್ಜುವಿನವರು ಸತತ ನಾಲ್ಕು ವರ್ಷ ನಮ್ಮನ್ನು ಮಕಾಡೆ ಮಲಗಿಸಿದ್ದರು.

ನಾನು ಈ ಆಟದ ಇಪ್ಪತ್ತೊಂದು ವರ್ಷದ ಭಕ್ತ. ಮೊದಲ ಆವೃತ್ತಿ ಬಂದಾಗ ನನ್ನ ತಲೆಯ ಮೇಲೆ ಕೂದಲಿತ್ತು. ಇಂಥ ಭಕ್ತನಿಗೆ ಆಟ ತಯಾರಿಸಿದವರು ಕೊಟ್ಟ ಪ್ರಸಾದ ಏನು ಕೇಳಿ. ಎರಡನೆಯ ಆವೃತ್ತಿಯಲ್ಲಿ ಏಣಿಗಳನ್ನು ಕಿತ್ತು ಹಾಕಿದರು. ಮೂರನೆಯದರಲ್ಲಿ ಕುದುರೆ ಬಿಟ್ಟರು, ಯಾರೂ ಹತ್ತಲಾಗದ ಕುದುರೆ! ಐದನೆಯದರಲ್ಲಿ ಸೈನಿಕರಿಗೆ ಮೊಲದ ಕಿವಿ ತೊಡಿಸಿದರು. ಒಂದೇ ಬಂದರಿಗೆ ಏಳು ಸಲ ಬಣ್ಣ ಬಳಿದು ಏಳು ಸಲ ಹೊಸದೆಂದು ಮಾರಿದರು. ಆ ಬಂದರಿನ ಗೋದಾಮಿನಲ್ಲಿ, ಮೂರನೆಯ ಪೀಪಾಯಿಯ ಹಿಂದೆ, ಗೋಡೆಯಲ್ಲೊಂದು ತೂತಿದೆ. ಅಲ್ಲಿ ಕೂತವನು ಯಾರಿಗೂ ಕಾಣದೆ ಎಲ್ಲರನ್ನೂ ಹೊಡೆಯಬಹುದು. ಇದು ಅನ್ಯಾಯ, ತೂತು ಮುಚ್ಚಿ ಎಂದು ನಾನು ಹನ್ನೊಂದು ಪತ್ರ ಬರೆದೆ. ಹನ್ನೊಂದಕ್ಕೂ ಒಂದೇ ಉತ್ತರ: "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ." ಅಮೂಲ್ಯ ಎಂದರೆ ಮೂರು ಕಾಸಿನ ಮೌಲ್ಯವೂ ಇಲ್ಲದ್ದು ಎಂದು ನನಗೆ ಅರ್ಥವಾಗಲು ಹನ್ನೊಂದು ಪತ್ರ ಬೇಕಾಯಿತು.

ಎಂಟನೆಯ ಆವೃತ್ತಿಯಲ್ಲಂತೂ ಅವರ ಪಿತ್ತ ಪೂರ್ತಿ ನೆತ್ತಿಗೇರಿತು. ಆಟ ಏನಾದರೂ ಪ್ರಶ್ನೆ ಕೇಳಿದರೆ ಇನ್ನು ಗುಂಡಿ ಒತ್ತುವಂತಿಲ್ಲ. ತಂಡದ ನಾಯಕ ಕ್ಯಾಮೆರಾದ ಮುಂದೆ ತಲೆಯಾಡಿಸಬೇಕು. ಮೇಲೆ ಕೆಳಗೆ ಆಡಿಸಿದರೆ ಹೌದು, ಅಡ್ಡಡ್ಡ ಆಡಿಸಿದರೆ ಇಲ್ಲ. ನದಿಯಾಚೆಯ ರುಮೇನಿಯನ್ನರಿಗೇನೋ ಅದು ಸರಿ. ಆದರೆ ಅಯ್ಯಾ, ನಮ್ಮಲ್ಲಿ ಅದು ತಿರುಗುಮುರುಗು! ನಮ್ಮ ತಾತ ಮುತ್ತಾತಂದಿರೆಲ್ಲ ಅಡ್ಡಡ್ಡ ತಲೆಯಾಡಿಸಿಯೇ ಮದುವೆಗೆ ಒಪ್ಪಿಕೊಂಡವರು. ಬೇಡ ಎನ್ನಬೇಕಾದರೆ ಗದ್ದ ಮೇಲಕ್ಕೆತ್ತಿ ಕೆಳಕ್ಕಿಳಿಸುತ್ತೇವೆ, ಜೊತೆಗೆ ನಾಲಿಗೆಯಿಂದ ಒಂದು 'ತ್ಚು' ಬೇರೆ. ಇಡೀ ಒಂದು ದೇಶದ ಕುತ್ತಿಗೆಯನ್ನು ವಿಚಾರಿಸದೆ ಆಟ ಮಾಡಿದರೆ ಏನಾಗುತ್ತದೆ?

ಏನಾಯಿತು ಎಂದರೆ, ಮೊದಲ ಭಾನುವಾರ ಜುರ್ಜುವಿನ ವಿರುದ್ಧ ನಾವು ಗೆಲ್ಲುತ್ತಿದ್ದೆವು. ನಮ್ಮವನೊಬ್ಬ ಸತ್ತ. ಕೂಡಲೇ ಪರದೆಯ ಮೇಲೆ ಪ್ರಶ್ನೆ ಮೂಡಿತು: "ಶರಣಾಗುತ್ತೀರಾ?" ಶರಣಾಗುವುದೇ? ನಾನೇ? ರಕ್ತ ಕುದಿಯಿತು. ನನ್ನ ಇಡೀ ಸ್ವಾಭಿಮಾನವನ್ನು ಗದ್ದಕ್ಕೆ ತಂದು, ಕೋಲೆ ಬಸವನ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿದೆ. ಕೋಟೆಯ ಮೇಲೆ ಬಿಳಿ ಬಾವುಟ ಹಾರಿತು.

ನಮ್ಮ ತಂಡದ ಖರಲಾಂಪಿ ಓಣಿಯ ತುದಿಯಲ್ಲಿ ಕ್ಷೌರದಂಗಡಿ ಇಟ್ಟವನು. ಐದೇ ನಿಮಿಷದಲ್ಲಿ ನಮ್ಮ ಮೂರನೆಯ ಮಹಡಿ ಹತ್ತಿ ಬಂದ.

"ನಿನ್ನ ತಲೆಯನ್ನ ಇಪ್ಪತ್ತು ವರ್ಷದಿಂದ ನೋಡ್ತಿದೀನಿ ಲ್ಯುಬೆನ್" ಎಂದ, ಏದುಸಿರು ಬಿಡುತ್ತಾ. "ಹೊರಗಡೆ ಮಾತ್ರ ಖಾಲಿ ಆಗ್ತಿದೆ ಅಂದ್ಕೊಂಡಿದ್ದೆ."

ಸೋತವರಿಗೆ ಒಂದೇ ಒಂದು ಮರುಪಂದ್ಯ ಕೇಳುವ ಹಕ್ಕಿತ್ತು. ಕೇಳಿದೆವು. ಅದರಲ್ಲಿ ಗೆದ್ದರೆ ಜುರ್ಜು ಮನೆಗೆ, ನಾವು ಅದರ ಮುಂದಿನ ಭಾನುವಾರದ ಮಹಾಪಂದ್ಯಕ್ಕೆ. ಸಮವಾದರೂ ಜುರ್ಜುವೇ ಮುಂದೆ. ನನಗೆ ಉಳಿದದ್ದು ಏಳು ದಿನ. ಏಳು ದಿನದಲ್ಲಿ ನನ್ನ ಕುತ್ತಿಗೆಯನ್ನು ರುಮೇನಿಯನ್ ಮಾಡುತ್ತೇನೆಂದು ಶಪಥ ತೊಟ್ಟೆ.

ಕನ್ನಡಿಯ ಮುಂದೆ ನಿಂತು ನನ್ನನ್ನೇ ಪ್ರಶ್ನೆ ಕೇಳಿಕೊಂಡೆ. ನೀನು ಶೂರನೇ? ಮೇಲೆ ಕೆಳಗೆ. ಹೇಡಿಯೇ? ಅಡ್ಡಡ್ಡ. ಮೂರೇ ದಿನದಲ್ಲಿ ವಿದ್ಯೆ ಒಲಿಯಿತು. ಆದರೆ ಒಲಿದ ವಿದ್ಯೆ ಮನೆಯಲ್ಲಿ ಬಿಟ್ಟು ಹೋಗಲು ಚಪ್ಪಲಿಯಲ್ಲವಲ್ಲ. ನಾನು ಕೆಲಸ ಮಾಡುವುದು ರೈಲು ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ. ಗುರುವಾರ ಒಬ್ಬ ಅಜ್ಜಿ ಬಂದು ವಾರ್ನಾ ರೈಲು ಹೊರಟುಹೋಯಿತೇ ಎಂದು ಕೇಳಿದರು. ಹೋಗಿತ್ತು. ನಾನು ಮೇಲೆ ಕೆಳಗೆ ತಲೆಯಾಡಿಸಿದೆ. ಅಜ್ಜಿ ಸಮಾಧಾನದಿಂದ ಬೆಂಚಿನ ಮೇಲೆ ಕೂತು ಒಂದೂವರೆ ತಾಸು ಕಾದರು. ಆಮೇಲೆ ಎದ್ದು ಬಂದು ಕನ್ನಡಕ ಸರಿಮಾಡಿಕೊಂಡು, "ಮಗಾ, ನೀನು ಈ ಕಡೆಯವನಾ, ಇಲ್ಲ ಸೇತುವೆ ದಾಟಿ ಬಂದವನಾ?" ಎಂದು ಕೇಳಿದರು. ನನಗೆ ಒಳಗೊಳಗೇ ಖುಷಿ. ಸಾಧನೆ ಫಲಿಸಿದೆ!

ಶುಕ್ರವಾರ ಮಧ್ಯಾಹ್ನ ಬೀನ್ಸ್ ಕಾಳಿನ ಸೂಪು ಇನ್ನಷ್ಟು ಬೇಕೇ ಎಂದಳು ಝಿವ್ಕಾ. ಬೇಕಿತ್ತು. ತಲೆಯಾಡಿಸಿದೆ. ಬಟ್ಟಲು ಎತ್ತಿಕೊಂಡು ಹೋದಳು. ಉಳಿದ ಬ್ರೆಡ್ಡನ್ನು ನೀರಿನಲ್ಲಿ ಅದ್ದಿ ತಿಂದೆ. ಜಯಕ್ಕಾಗಿ ಮಹಾವೀರರು ಏನೇನು ತ್ಯಾಗ ಮಾಡಿಲ್ಲ!

ಭಾನುವಾರ ಬಂತು. ಮೆಣಸಿನಕಾಯಿ ಸುಡುವ ವಿದ್ಯುತ್ ಒಲೆ ಮತ್ತು ನನ್ನ ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಹಾಕಿದರೆ ನಮ್ಮ ಮನೆಯ ಫ್ಯೂಸು ಹಾರುತ್ತದೆ. ಚಳಿಗಾಲಕ್ಕೆ ಗೊಜ್ಜು ಮಾಡಿಡುವ ಕೆಲಸ ಅರ್ಧಕ್ಕೇ ನಿಂತಿದ್ದರೂ, ನಾನು ಕಾಲು ಹಿಡಿದದ್ದಕ್ಕೆ ಕರಗಿ, ಹನ್ನೆರಡರಿಂದ ಒಂದರ ತನಕ ಬಾಲ್ಕನಿಯ ಒಲೆ ಆರಿಸಲು ಝಿವ್ಕಾ ಒಪ್ಪಿದಳು. ಆ ಒಂದು ಗಂಟೆ ಅವಳ ಕೈಗೆ ಕೆಲಸವಿಲ್ಲದೆ ಹೋಯಿತು. ಕೆಲಸವಿಲ್ಲದ ಕೈ ಫೋನು ಹಿಡಿಯಿತು.

ಇತ್ತ ಬಂದರಿನಲ್ಲಿ ಘೋರ ಯುದ್ಧ. ಒಂದಕ್ಕೆ ಐದು ನಿಮಿಷವಿರುವಾಗ ನಮ್ಮ ಕಡೆ ಜೀವಂತ ಉಳಿದವನು ನಾನೊಬ್ಬನೇ. ಆ ಕಡೆ ಮೂವರು. ಖರಲಾಂಪಿಯ ಹೆಣ ಕುದುರೆಯ ಪಕ್ಕದಲ್ಲಿ ಬಿದ್ದಿತ್ತು. ಅವನ ಬಾಯಿ ಮಾತ್ರ ನನ್ನ ಹೆಡ್‌ಫೋನಿನಲ್ಲಿ ಬದುಕಿತ್ತು. ನಾನು ತೆವಳುತ್ತಾ ಹೋಗಿ ಮೂರನೆಯ ಪೀಪಾಯಿಯ ಹಿಂದೆ ಕೂತೆ. ತೂತು ಇದೆಯೇ? ಎಂಟು ಆವೃತ್ತಿಯಾದರೂ ಇದೆ! ನನ್ನ ಹನ್ನೊಂದು ಪತ್ರಗಳನ್ನು ಓದದೆ ಎಸೆದ ಆ ಪುಣ್ಯಾತ್ಮನಿಗೆ ನೂರು ವರ್ಷ ಆಯಸ್ಸು.

ನಾನು ಎಲ್ಲಿದ್ದೇನೆಂದು ತಿಳಿಯದೆ ಜುರ್ಜುವಿನವರು ಹೆದರಿದರು. ಪರದೆಯ ಮೇಲೆ ಪ್ರಶ್ನೆ ಬಂತು: "ಎದುರಾಳಿ ಸಂಧಿ ಕೇಳುತ್ತಿದ್ದಾನೆ. ಒಪ್ಪುತ್ತೀರಾ?" ಸಂಧಿಯಾದರೆ ಪಂದ್ಯ ಸಮ. ಸಮವಾದರೆ ಐದನೆಯ ವರ್ಷವೂ ಅವಮಾನ. ನನ್ನ ಗದ್ದ ತಾನಾಗಿ ಮೇಲೇಳತೊಡಗಿತು. ತಾತ ಮುತ್ತಾತಂದಿರೆಲ್ಲ ಸೇರಿ ಅದನ್ನು ಎತ್ತುತ್ತಿದ್ದರು! ಹಲ್ಲು ಕಚ್ಚಿ ತಡೆದೆ. ಆಮೇಲೆ ಗಂಭೀರವಾಗಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಲೆಯಾಡಿಸಿದೆ. ಸಂಧಿ ತಿರಸ್ಕೃತವಾಯಿತು. ತೂತಿನಿಂದ ಮೂರು ಗುಂಡು, ಮೂರು ಹೆಣ. ಕೋಟೆಯ ಮೇಲೆ ನಮ್ಮ ಬಾವುಟ!

ಹೆಡ್‌ಫೋನಿನಲ್ಲಿ ಖರಲಾಂಪಿ ಅಳುತ್ತಿದ್ದ. ಜನ್ಮಪೂರ್ತಿ ನನಗೆ ಪುಕ್ಕಟೆ ಕ್ಷೌರ ಎಂದ. ಕೂದಲಿದ್ದಾಗ ಈ ಮಾತು ಹೇಳಬಾರದಿತ್ತೇ ಎಂದೆ. ಇಪ್ಪತ್ತೊಂದು ವರ್ಷದಲ್ಲಿ ಅಂಥ ಸಂತೋಷ ನನಗಾಗಿರಲಿಲ್ಲ. ಹೆಡ್‌ಫೋನ್ ಕಿತ್ತು ತಿರುಗಿದರೆ, ಬಾಗಿಲಲ್ಲಿ ಝಿವ್ಕಾ. ಅವಳ ಮುಖದಲ್ಲಿ ನನಗಿಂತ ಹೆಚ್ಚು ಸಂತೋಷ.

"ಅಮ್ಮಂಗೆ ಹೇಳ್ಬಿಟ್ಟೆ" ಎಂದಳು. "ಖುಷಿಯಿಂದ ಅತ್ತೇಬಿಟ್ಲು. ಅವಳ ಹತ್ರ ಅರವತ್ತು ಕಿಲೋ ಮೆಣಸಿನಕಾಯಿ ಇದೆ. ಬರೋ ಭಾನುವಾರ ಹಳ್ಳಿಗೆ ಬಂದು ಸುಟ್ಟುಕೊಡ್ತೀಯಾ ಅಂತ ಈಗಷ್ಟೇ ನಿನ್ನ ಕೇಳಿದ್ನಲ್ಲ. ಎಷ್ಟು ಗಂಭೀರವಾಗಿ ತಲೆಯಾಡಿಸಿ ಒಪ್ಕೊಂಡೆ! ಹಾಗೆ ನೀನು ಮದುವೇಲೂ ಆಡಿಸಿರ್ಲಿಲ್ಲ."

ಬರುವ ಭಾನುವಾರವೇ ಮಹಾಪಂದ್ಯ. ಅತ್ತೆಯ ಹಳ್ಳಿಯಲ್ಲಿ ಇಂಟರ್ನೆಟ್ ಸಿಗಬೇಕಾದರೆ ಅಕ್ರೋಟ್ ಮರ ಹತ್ತಬೇಕು. ನಾನು ಮಂಡಿಯೂರಿದೆ. ನದೀತೀರದ ಇತಿಹಾಸ, ರೂಸೆಯ ಮಾನ, ಖರಲಾಂಪಿಯ ಕಣ್ಣೀರು ಎಲ್ಲವನ್ನೂ ವಿವರಿಸಿದೆ. "ಇದೊಂದೇ ಒಂದು ಭಾನುವಾರ ನನ್ನನ್ನ ಬಿಟ್ಬಿಡ್ತೀಯಾ ಝಿವ್ಕಾ?"

ಅವಳು ನನ್ನನ್ನು ದಿಟ್ಟಿಸಿದಳು. ಆಮೇಲೆ ನಿಧಾನವಾಗಿ ಗದ್ದ ಮೇಲಕ್ಕೆತ್ತಿದಳು, ಕೆಳಕ್ಕಿಳಿಸಿದಳು. ಬಾಯಿಂದ ಏನೋ ಪುಟ್ಟ ಸದ್ದೂ ಬಂತು, ಮುತ್ತು ಕೊಟ್ಟಳೆಂದುಕೊಂಡೆ. ಇಂಥ ಹೆಂಡತಿ ಯಾರಿಗುಂಟು! ಅವಳನ್ನು ತಬ್ಬಿ ಎರಡು ಸುತ್ತು ಕುಣಿಸಿ, ಖರಲಾಂಪಿಗೆ ಫೋನ್ ಮಾಡಿ, ಅಪ್ಪಣೆ ಸಿಕ್ಕಿತು ಎಂದು ಸಾರಿದೆ.

"ಅಪ್ಪಣೆ ಬಾಯಲ್ಲಿ ಕೊಟ್ಲಾ, ತಲೆಯಲ್ಲಿ ಕೊಟ್ಲಾ?" ಎಂದ ಖರಲಾಂಪಿ.

"ತಲೆಯಲ್ಲೇ. ಮೇಲೆ ಕೆಳಗೆ, ಸ್ಪಷ್ಟವಾಗಿ. ಒಂದು ಮುತ್ತು ಬೇರೆ."

ಬಾಲ್ಕನಿಯಲ್ಲಿ ಮೆಣಸಿನಕಾಯಿ ಒಲೆ ಮತ್ತೆ ಹೊತ್ತಿಕೊಂಡ ವಾಸನೆ ಬಂತು.

"ಲ್ಯುಬೆನ್" ಎಂದ ಖರಲಾಂಪಿ ಮೆಲ್ಲಗೆ, "ಝಿವ್ಕಾ ಆಟ ಆಡಲ್ಲ ಮಾರಾಯ. ಅವಳು ಬಲ್ಗೇರಿಯಾದವಳು."