ಆರು ಸರ್ವರ್, ಒಂದು ಸೀಮೆಸುಣ್ಣ

ಅರಿಶಿನ ಮಂಡಿಗೂ ಕಂಪ್ಯೂಟರಿಗೂ ಗಂಟು ಹಾಕಲು ಹೋದವನ ಗತಿ ಏನಾಗುತ್ತದೆ ಅಂತ ನನ್ನನ್ನು ಕೇಳಿ. ವಾರಕ್ಕೊಂದು ಸಲವಾದರೂ ಹಣೆ ಹಣೆ ಚಚ್ಚಿಕೊಳ್ಳದೆ ನಾನು ಮನೆಗೆ ಹೋದದ್ದೇ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಮೊದಲ ದಶಕ ಮುಗಿಯುತ್ತಾ ಬಂದಿತ್ತು. ಚಾಮರಾಜನಗರದಲ್ಲಿ ನಮ್ಮ ಯಜಮಾನರ ಗೋದಾಮು. ರೈತರು ಅರಿಶಿನದ ಮೂಟೆ ತಂದಿಡುವುದು, ರೇಟು ಬಂದಾಗ ಬಿಡಿಸಿಕೊಂಡು ಹೋಗುವುದು. ಸಂತೆಮರಹಳ್ಳಿ, ಗುಂಡ್ಲುಪೇಟೆಯಲ್ಲೂ ಗೋದಾಮು ಎದ್ದ ಮೇಲೆ, ಯಾರ ಮೂಟೆ ಎಲ್ಲಿ, ಯಾವ ಸಾಲಲ್ಲಿ ಎನ್ನುವ ಪಟ್ಟಿಯೆಲ್ಲ ಕಂಪ್ಯೂಟರಿಗೆ ಬಂತು. ಅದನ್ನು ಕಾಯುವವನು ನಾನು. "ಪಟ್ಟಿ ಕಳೀತು ಅಂದ್ರೆ ನೀನು ಮನೇಗೆ ಓಗ್ಬೋದು ಕಣಪ್ಪ" ಅಂತ ಯಜಮಾನರು ಮೊದಲೇ ಹೇಳಿದ್ದರು.

೧. ಮಿಕ್ಕ ಐದು ಎಲ್ಲವ್ಲಾ?

ಮೊದಲು ಪಟ್ಟಿ ನಡೆಸಲು ಆರು ಹಳೇ ಸರ್ವರ್ ಕಂಪ್ಯೂಟರುಗಳಿದ್ದವು. ಒಂದೊಂದೂ ದಿನಕ್ಕೊಂದು ಸಲ ಕೆಮ್ಮಿ ಮಲಗುತ್ತಿತ್ತು. ಅವನ್ನೆಲ್ಲ ತೆಗೆದು ಒಂದೇ ದೊಡ್ಡ ಸರ್ವರ್ ತರಿಸಿ, ಅದರ ಒಳಗೇ ಆರು ಸರ್ವರ್ ನಡೆಯುವ ಹಾಗೆ ಮಾಡಿದೆ. ಎಲ್ಲದರ ಮಾಹಿತಿಯೂ ಪಕ್ಕದ ಒಂದೇ ಡಿಸ್ಕ್ ಪೆಟ್ಟಿಗೆಯಲ್ಲಿ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಯುಧಪೂಜೆ ಬಂತು. ಯಜಮಾನರು ಆರು ಸೇವಂತಿಗೆ ಹಾರ ಹಿಡಿದು ನಿಂತರು. "ಮಿಕ್ಕ ಐದು ಎಲ್ಲವ್ಲಾ?"

"ಎಲ್ಲಾ ಇದರ ಒಳಗೇ ಇವೆ ಸಾರ್."

ದಾಸ್ತಾನು ಬರೆಯುವ ಹಳೇ ರೈಟರು ಬಗ್ಗಿ ಬಗ್ಗಿ ಒಳಗೆ ಇಣುಕಿದರು. ಈ ಮಹಾನುಭಾವರು ಕಣ್ಣಿಗೆ ಕಾಣದ್ದನ್ನು ನಂಬುವ ಪೈಕಿಯವರಲ್ಲ. ಪಟ್ಟಿ ಕಂಪ್ಯೂಟರಿಗೆ ಬಂದ ಮೇಲೂ ಮಿಕ್ಕೆರಡು ಊರಿನದನ್ನು ಫೋನಿನಲ್ಲಿ ಕೇಳಿಕೊಂಡು, ಗೋದಾಮಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ದಿನಾ ಮೂಟೆ ಲೆಕ್ಕ ಬರೆಯುವುದನ್ನು ಬಿಟ್ಟಿರಲಿಲ್ಲ. "ಕಲ್ಲಿನ ಕಾಲದವರು" ಅಂತ ಅವರ ಎದುರಿಗೇ ನಕ್ಕಿದ್ದೆ.

"ನಂಗಂತೂ ಒಂದೇ ಕಾಣ್ತಾದೆ ಬುದ್ಧಿ. ಐದು ಎಲ್ಲೋ ಸಾಗಾಕ್ಬುಟ್ಟವ್ನೆ" ಅಂದರು ರೈಟರು.

ಕಳ್ಳ ಅನ್ನಿಸಿಕೊಂಡದ್ದೂ ಆಯಿತು. ಕೊನೆಗೆ ಆರೂ ಹಾರವನ್ನು ಆ ಒಂದಕ್ಕೇ ಹಾಕಿದರು. ಗಾಳಿ ಆಡದೆ ಅದು ಕಾದು ಕಾದು ಮಧ್ಯಾಹ್ನಕ್ಕೆ ನಿಂತೇ ಹೋಯಿತು. "ನೋಡ್ದಾ, ಆಯುಧಕ್ಕೂ ಇವತ್ತು ರಜ ಬೇಕು" ಅಂದರು ಯಜಮಾನರು, ಬಲು ಭಕ್ತಿಯಿಂದ.

೨. ಹೊಸಾದು ಸವೆದು ಹೋದೀತು

ಎಲ್ಲ ಒಂದೇ ಪೆಟ್ಟಿಗೆಯಲ್ಲಿದ್ದರೆ ಅಪಾಯ. ಇಂಥದ್ದೇ ಇನ್ನೊಂದು ಪೆಟ್ಟಿಗೆಯನ್ನು ಗುಂಡ್ಲುಪೇಟೆಯಲ್ಲಿ ಇಡೋಣ ಅಂದೆ. "ಇರೋದೇ ಚೆನ್ನಾಗದಲ್ಲ, ಅದು ಕೆಟ್ಟಾಗ ನೋಡನ ಬುಡು" ಅಂದರು ಯಜಮಾನರು. ಎಂಥಾ ದೂರದೃಷ್ಟಿ!

ಸರಿ, ಕೈಯಲ್ಲಿ ಹಿಡಿದು ಒಯ್ಯುವಂಥ ಎರಡು ಸಣ್ಣ ಡಿಸ್ಕ್ ತಂದೆ. ಅದರಲ್ಲೊಂದನ್ನು ಖಾಲಿಯಾಗಿಯೇ ಗುಂಡ್ಲುಪೇಟೆ ಮ್ಯಾನೇಜರಿಗೆ ಕಳಿಸಿದೆ. ಪ್ರತಿ ಶನಿವಾರ ಪಟ್ಟಿಯ ನಕಲು ತುಂಬಿದ ಡಿಸ್ಕ್ ಲಾರಿಯಲ್ಲಿ ಬರುತ್ತೆ, ಅದನ್ನು ಇಟ್ಟುಕೊಂಡು ನಿಮ್ಮ ಹತ್ತಿರ ಇರುವುದನ್ನು ವಾಪಸ್ ಕಳಿಸಿ ಅಂತ ಮೂರು ಸಲ ಹೇಳಿದೆ. "ಆಯ್ತು ಸಾರ್" ಅಂದರು ಮೂರು ಸಲವೂ. ಶನಿವಾರ ಡಿಸ್ಕ್ ಹೋಗುತ್ತಿತ್ತು, ಡಿಸ್ಕ್ ಬರುತ್ತಿತ್ತು. ಅದೇ ಲಾರಿಯಲ್ಲಿ ರೈಟರೂ ಹೋಗಿ ಬರುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಪುಕ್ಕಟೆ ಊಟ ಹೊಡೆಯಲು ಅಂತ ನಾನು ಎಲ್ಲರಿಗೂ ಸಾರಿಕೊಂಡು ಬಂದೆ.

೩. ಕಾಯಿ ನೀರಿನ ಅಭಿಷೇಕ

ಮುಂದಿನ ಆಯುಧಪೂಜೆ ದಿನ ನಾನು ಮನೆಯ ಸ್ಕೂಟರ್ ತೊಳೆಯುತ್ತಿದ್ದೆ. ಇತ್ತ ಯಜಮಾನರು ಡಿಸ್ಕ್ ಪೆಟ್ಟಿಗೆ ಮೇಲೇ ತೆಂಗಿನಕಾಯಿ ಒಡೆದು, ನೀರನ್ನೆಲ್ಲ ಅದರ ತಲೆ ಮೇಲೆ ಸುರಿದಿದ್ದರು. ವಾರದ ನಕಲು ತುಂಬಲು ಸಿಕ್ಕಿಸಿದ್ದ ಡಿಸ್ಕೂ ಅಲ್ಲೇ ಇತ್ತು. ಎರಡೂ ಒಟ್ಟಿಗೆ ಶಿವಾಯ ನಮಃ.

ಎದ್ದೆನೋ ಬಿದ್ದೆನೋ ಅಂತ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಮ್ಯಾನೇಜರು ಬೀರು ತೆಗೆದು, ಪ್ಲಾಸ್ಟಿಕ್ಕೂ ಬಿಚ್ಚದ, ಕುಂಕುಮ ಇಟ್ಟ ಡಿಸ್ಕನ್ನು ಎರಡೂ ಕೈಯಲ್ಲಿ ಕೊಟ್ಟರು. ನಾನು ಮೊದಲು ಕಳಿಸಿದ ಖಾಲಿ ಡಿಸ್ಕು!

"ಪ್ರತಿ ವಾರ ಬಂದದ್ದು?"

"ಅದ್ನೇ ವಾಪಸ್ ಕಳಿಸ್ತಿದ್ನಲ್ಲ ಸಾರ್. ಇದು ಹೊಸಾದು, ಸುಮ್ನೆ ಯಾಕೆ ಸವುಸೋದು ಅಂತ."

ಒಂದು ವರ್ಷ ಒಂದೇ ಡಿಸ್ಕ್ ಬಸ್ಸಿನ ಕಂಡಕ್ಟರನಂತೆ ಓಡಾಡಿದೆ, ನಾನು ಒಂದು ದಿನವೂ ತಿರುಗಿಸಿ ನೋಡಿಲ್ಲ. ಅವರನ್ನು ಬಯ್ಯಲು ನನಗೆ ಬಾಯಿ ಎಲ್ಲಿತ್ತು? ಕೆಲಸ ಹೋಯಿತು ಅಂದುಕೊಂಡೇ ವಾಪಸ್ ಬಂದೆ.

ಬಂದರೆ, ಯಜಮಾನರು ಗೋದಾಮಿನ ಗೋಡೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮೂರೂ ಊರಿನ ಅಷ್ಟೂ ಮೂಟೆ ಗೋಡೆ ಮೇಲಿದೆ, ಹಿಂದಿನ ದಿನದವರೆಗೆ. ಎಂಟು ದಿನ ರೈಟರು ಓದಿದರು, ನಾನು ಕಲ್ಲಿನ ಕಾಲದಿಂದ ಕಂಪ್ಯೂಟರಿಗೆ ಟೈಪ್ ಮಾಡಿದೆ. ಕೆಲಸ ಉಳಿಯಿತು, ಸೊಕ್ಕು ಮಾತ್ರ ಪೂರ್ತಿ ಹೋಗಿರಲಿಲ್ಲ.

"ಅಲ್ಲಾ ರೈಟರೇ, ಈ ಗೋಡೆಗೆ ಯಾರಾದರೂ ಸುಣ್ಣ ಹೊಡೆದಿದ್ದರೆ?" ಅಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಯ್ಯೋ ಪೆದ್ದ! ಎಲ್ಲಾನೂವೆ ಒಂದೇ ಕಡೆ ಮಡಗ್ತಾರ? ಗುಂಡ್ಲುಪೇಟೆ ಗೋಡೇಲೂ ಬರ್ದಿವ್ನಿ ಕಣಪ್ಪ. ಶನ್ವಾರ ಶನ್ವಾರ ಲಾರೀಲಿ ಇನ್ಯಾತಕ್ಕೆ ಓಗ್ತಿದ್ದೆ ಅನ್ಕೊಂಡಿದ್ದೆ?"