ಯಶೋಧಾ ಸಾಲಿ ಅಡಿಗಿ ಬಿಟ್ಟ ದಿನ

ಯಶೋಧಾ ಕೆಲಸ ಬಿಡುವುದಕ್ಕೆ ಕಾರಣವಾದದ್ದು ಒಂದು ಹೊರೆ ಹಸಿ ಜಾಲಿ ಸೌದೆ.

ಗುಡೇಕೋಟೆ ಹತ್ತಿರದ ಆ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಶುರುವಾಗಿ ಎರಡು ವರ್ಷವಾಗಿತ್ತು. ಗ್ಯಾಸ್ ಸಿಲಿಂಡರ್ ಖಾಲಿಯಾಗಿ ತಿಂಗಳಾಗಿತ್ತು. ತಗಡಿನ ಅಡುಗೆಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೂ ಮುರಿದ ಬೆಂಚುಗಳನ್ನು ಒಟ್ಟಿದ್ದರು. ಮಳೆಗೆ ನೆನೆದ ಸೌದೆಯನ್ನು ಊದಿ ಊದಿ ಯಶೋಧಾಳ ಕಣ್ಣುಗಳು ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಾಗಿದ್ದವು. ನೂರಿಪ್ಪತ್ತು ಮಕ್ಕಳ ಅನ್ನ ಸಾರು ಅವಳದೇ, ಬೋರಿನಿಂದ ನೀರು ಹೊರುವುದೂ ಅವಳೇ.

ಹನ್ನೊಂದಕ್ಕೆ ಹೆಡ್‌ಮಾಸ್ತರು ಹಾಲಸ್ವಾಮಿ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು.

“ಯಶೋಧಮ್ಮಾ, ಒಳಗ ಅದೀಯೇನು? ಕಾಣವಲ್ಲಿ.”

“ಅದೀನ್ರಿ ಸಾರ್.”

“ಹಂಗಾದ್ರ ಮಾಸ್ತರಗೊಳಿಗೆ ಒಂದೀಟು ಚಾ ಮಾಡಿ ಕಳಸು.”

ಯಶೋಧಾ ಊದುಗೊಳವೆ ಕೆಳಗಿಟ್ಟಳು. “ಇವತ್ತಿನ ಊಟ ಬಡಸ್ತೀನ್ರಿ. ನಾಳಿಯಿಂದ ಬರಂಗಿಲ್ಲ. ಕೆಲಸ ಬಿಟ್ಟೆ.”

“ಚಾ ಬ್ಯಾಡಂದ್ರ ಬ್ಯಾಡನ್ನು. ಹಿಂಗ ಒಮ್ಮಿಗೇ ಬಿಟ್ರ ಹೆಂಗವ್ವ?”

ಅವಳು ಕೇಳಲಿಲ್ಲ. ಊಟ ಬಡಿಸಿ, ಪಾತ್ರೆ ಬೆಳಗಿ, ಮಾಸ್ತರರಿಂದಲೇ ಅರ್ಜಿ ಬರೆಸಿ, ಅಕ್ಷರ ಕೂಡಿಸಿಕೊಂಡು ಸಹಿ ಮಾಡಿದಳು.

ಮಕ್ಕಳು ಕೈ ತೊಳೆಯುವಷ್ಟರಲ್ಲಿ ಸುದ್ದಿ ಊರ ಅಗಸಿ ದಾಟಿತ್ತು. ಪಕ್ಕದ ಮನೆಯ ಅಂಜಿನಕ್ಕ ದಾರಿಯಲ್ಲೇ ತಡೆದಳು. “ಚಲೋ ಮಾಡಿದಿ ನೋಡವ್ವ. ಮನುಷ್ಯಾರು ಮಾಡೋ ಕೆಲಸೇನು ಅದು? ಅಂದಂಗ, ನಿನ್ನ ಜಾಗಕ್ಕ ನನ್ನ ತಂಗಿ ಹೆಸರು ಹೇಳ್ತಿಯೇನು?”

ಕಿರಾಣಿ ಅಂಗಡಿಯ ಹುಲುಗಣ್ಣ ತಕ್ಕಡಿ ಬಿಟ್ಟು ಬಂದ. “ಹೊಗಿಗೆ ಕಣ್ಣು ಹೋಗ್ತಾವ ಯಶೋಧಾ, ಬಿಟ್ಟಿದ್ದು ಪಾಡಾತು. ನಮ್ಮಾಕಿಗೆ ಹೆಂಗೂ ಮೊದ್ಲೇ ಕಣ್ಣು ಮಂಜು. ಆಕಿ ಹೆಸರು ಹೇಳಿಬಿಡು.”

ಮನೆಯ ಕಟ್ಟೆಯ ಮೇಲೆ ಅತ್ತೆ ಜೋಗಮ್ಮ ಎಲೆಅಡಿಕೆ ಕುಟ್ಟುತ್ತ ಕೂತಿದ್ದಳು. ಬೈಗುಳಕ್ಕೆ ತಯಾರಾಗಿಯೇ ಯಶೋಧಾ ವಿಷಯ ಹೇಳಿದಳು. ಬೈಯುವ ಬದಲು ಮುದುಕಿ ಕುಟ್ಟಣಿಗೆ ಬದಿಗಿಟ್ಟು, ಕೋಲು ಹಿಡಿದು ಹೊರಗೆ ಹೋದಳು. ಯಶೋಧಾ ಒದ್ದೆ ಬಟ್ಟೆಯನ್ನು ಕಣ್ಣ ಮೇಲೆ ಹಾಕಿಕೊಂಡು ಮಲಗಿದಳು. ಎರಡು ವರ್ಷದಲ್ಲಿ ಮೊದಲ ಮಧ್ಯಾಹ್ನದ ನಿದ್ದೆ. ಸಕ್ಕರೆ ಪಾಕದಂತೆ ಇಳಿಯಿತು.

ನಾಲ್ಕು ಗಂಟೆಗೆ ಅಡುಗೆಕೋಣೆಯ ಬೀಗದಕೈ ಒಪ್ಪಿಸಲು ಹೋದರೆ, ಶಾಲೆಯ ಅಂಗಳದಲ್ಲಿ ಸಂತೆ ಕೂಡಿತ್ತು. ಖಾಲಿಯಾದ ಅಡುಗೆ ಕೆಲಸಕ್ಕೆ ಏಳು ಹೆಂಗಸರು, ಏಳು ಗಂಡಂದಿರು, ಒಂದೇ ಗದ್ದಲ. ಶಾಲಾ ಸಮಿತಿಯ ಅಧ್ಯಕ್ಷ ಪಾಲಣ್ಣ ಸರ್ಕಾರದ ಕಾಗದ ಎತ್ತಿ ಹಿಡಿದು ಕೂಗಿದ:

“ಗದ್ಲ ಮಾಡಬ್ಯಾಡ್ರಿ! ಗಂಡ ಇಲ್ದೋರಿಗೆ ಮೊದ್ಲು ಕೊಡ್ರಿ ಅಂತ ಇದ್ರಾಗೈತಿ.”

ಏಳೂ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಒಂದು ಸಲ ತಿರುಗಿ ನೋಡಿದರು. ಗಂಡಂದಿರು ಎರಡು ಹೆಜ್ಜೆ ಹಿಂದೆ ಸರಿದರು.

“ಹಂಗಾದ್ರ ನನ್ನ ಹೆಸರು ಬರಕೋ.” ಗುಂಪು ಸೀಳಿಕೊಂಡು ಕೋಲು ಮುಂದೆ ಬಂತು, ಹಿಂದೆ ಜೋಗಮ್ಮ.

“ವಯಸ್ಸೆಷ್ಟು ಅಜ್ಜಿ?”

“ನಲವತ್ತೈದು.”

ಅವಳ ಮಗನಿಗೇ ನಲವತ್ತು. ಆದರೂ ಜೋಗಮ್ಮನ ಬಾಯಿಗೆ ಹೆದರಿ ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ. ಪಾಲಣ್ಣ ಹೆಬ್ಬೆಟ್ಟು ಒತ್ತಿಸಿಕೊಂಡ.

ಯಶೋಧಾಳಿಗೆ ಒಳಗೊಳಗೇ ನಗು ಉಕ್ಕಿತು. ‘ಒಂದು ಹೊತ್ತಿನ ಅಡಿಗಿ, ಅದೇನು ಮಹಾ’ ಎಂದು ಎರಡು ವರ್ಷ ಹಂಗಿಸಿದ ಅತ್ತೆ ಇನ್ನು ತಾನೇ ಒಲೆ ಊದಲಿ! ಬೀಗದಕೈಯನ್ನು ಅತ್ತೆಯ ಕೈಗೇ ಕೊಟ್ಟು, ಹಗುರಾಗಿ ಹೆಜ್ಜೆ ಹಾಕುತ್ತ ಮನೆಗೆ ಬಂದಳು.

ಹಿಂದೆಯೇ ಬಂದ ಜೋಗಮ್ಮ ಹೊಸ್ತಿಲು ದಾಟಿದ್ದೇ ಬೀಗದಕೈಯನ್ನು ಸೊಸೆಯ ಸೆರಗಿಗೆ ಗಂಟು ಹಾಕಿದಳು.

“ನಾಳಿ ಲಗೂನ ಎದ್ದು ಹೋಗು. ಸೌದಿ ಹಸೇವು ಅದಾವಂತ.”

“ನಾನ್ಯಾಕ ಹೋಗ್ಲಿ ಅತ್ತಿ? ನಾ ಕೆಲಸ ಬಿಟ್ಟೀನಲ್ಲ!”

“ಹೆಸರು ನಂದು, ಪಗಾರ ನಾ ತರ್ತೀನಿ. ಅಡಿಗಿ ನೀ ಮಾಡು.” ಜೋಗಮ್ಮ ಕಟ್ಟೆಯ ಮೇಲೆ ಕೂತು ಎಲೆಅಡಿಕೆಯ ಕುಟ್ಟಣಿಗೆ ಎಳೆದುಕೊಂಡಳು. “ನೀ ಬಿಟ್ಟಿದ್ದು ಸಾಲಿ ಕೆಲಸ ತಂಗಿ. ಸೊಸಿ ಕೆಲಸ ಬಿಟ್ಟಿಲ್ಲಲ್ಲ?”