ಮೈಸೂರಿನಿಂದ ಕಟ್ಟಿಕೊಂಡು ಹೋದ ಇಂಟರ್ನೆಟ್ಟು

ನಾನು ಓದಿದ್ದು ಐದನೇ ಕ್ಲಾಸು. ಆದರೂ ಪರದೇಶಕ್ಕೆ ಹೋಗುವಾಗ ಮೊಬೈಲಿಗೆ ಯಾವ ಇಂಟರ್ನೆಟ್ ಹಾಕಿಸಿಕೊಳ್ಳಬೇಕು ಎನ್ನುವುದನ್ನು ನನ್ನಷ್ಟು ಚೆನ್ನಾಗಿ ತಿಳಿದವರು ನಮ್ಮ ಬೀದಿಯಲ್ಲೇ ಇಲ್ಲ ಎಂದು ನಂಬಿದ್ದೆ.

ಮೈಸೂರಿನ ಮೊಬೈಲ್ ಅಂಗಡಿಯವನು ಮೂರು ದಾರಿ ಹೇಳಿದ. ಇಲ್ಲಿಯ ನಂಬರನ್ನೇ ರೋಮಿಂಗ್ ಮಾಡಿಸಿಕೊಂಡು ಹೋಗುವುದು ಒಂದು. ಅಮೆರಿಕದಲ್ಲಿ ಇಳಿದ ಮೇಲೆ ಅಲ್ಲಿಯ ಸಿಮ್ ಕೊಳ್ಳುವುದು ಇನ್ನೊಂದು. ಅಮೆರಿಕದ ನಂಬರಿರುವ ಸಿಮ್ಮನ್ನು ಇಂಟರ್ನೆಟ್ ಸಮೇತ ಇಲ್ಲೇ ಕೊಂಡು ಹೋಗುವುದು ಮೂರನೆಯದು. ಮೂರನೆಯದು ಕೊಡು ಎಂದೆ. ತರಕಾರಿಯೇ ಆಗಲಿ ಇಂಟರ್ನೆಟ್ಟೇ ಆಗಲಿ, ಗುರುತಿನ ಅಂಗಡಿಯಲ್ಲಿ ಕೊಳ್ಳುವುದು ವಾಸಿ. ಹಪ್ಪಳ, ಸಂಡಿಗೆ, ಚಟ್ನಿಪುಡಿಯ ಜೊತೆಗೆ ಇಂಟರ್ನೆಟ್ಟನ್ನೂ ಕಟ್ಟಿಕೊಂಡು ವಿಮಾನ ಹತ್ತಿದೆ. ವಿಮಾನವೆಂದರೆ ಹೆದರುವ ನಮ್ಮ ಯಜಮಾನರು ದೊಡ್ಡ ಮಗನ ಮನೆಯಲ್ಲಿ ಆರಾಮಾಗಿ ಉಳಿದರು.

ಇಂಟರ್ನೆಟ್ ಹೊತ್ತುಕೊಂಡು ಹೋಗುವುದಕ್ಕೆ ಕಾರಣವಿತ್ತು. ನನ್ನ ಮಗಳು ಸುಧಾ ಇರುವುದು ಮಿಶಿಗನ್ನಿನ ಪ್ಲಿಮತ್‌ನಲ್ಲಿ. ಅಳಿಯ ಗಿರಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಆ ವರ್ಷ ಕಾರು ಕೊಳ್ಳುವವರೇ ಇರಲಿಲ್ಲ. ನಾನು ಹೊರಡುವುದಕ್ಕೆ ಹದಿನೈದು ದಿನ ಮುಂಚೆ ಸುಧಾ ಫೋನ್ ಮಾಡಿದಳು.

"ಅಮ್ಮಾ, ಗಿರಿಗೆ ಕೆಲಸ ಹೋಯ್ತು. ಆಫೀಸ್ ಫೋನೂ ವಾಪಸ್ ತಗೊಂಡ್ರು. ಮನೆ ಫೋನು, ಇಂಟರ್ನೆಟ್ಟು ಎಲ್ಲಾ ತೆಗೆಸಿಬಿಟ್ಟಿದೀವಿ. ನೀನು ಈಗ್ಲೇ ಬರ್ಬೇಕಾ?"

"ಟಿಕೆಟ್ ಆಗಿದೆ, ಬರ್ತೀನಿ. ಇಂಟರ್ನೆಟ್ ನಾನೇ ತರ್ತೀನಿ" ಎಂದೆ.

ಹೋಗಿ ನೋಡಿದರೆ ಅವರು ಸಬ್‌ಡಿವಿಷನ್ ಎನ್ನುವ ಬಡಾವಣೆಯ ಒಂದೇ ಬೀದಿಯಲ್ಲಿ ಮೂರು ಮನೆಗಳ ಮುಂದೆ ಮಾರಾಟದ ಬೋರ್ಡು. ಹಗಲು ಹೊತ್ತಿನಲ್ಲಿ ಗಿರಿ ಲಿವೋನಿಯಾದ ಒಂದು ಗೋದಾಮಿನಲ್ಲಿ ಡಬ್ಬ ಎಣಿಸುವ ಕೆಲಸಕ್ಕೆ ಹೋಗುತ್ತಿದ್ದ. ಅಲ್ಲಿ ಫೋನು ಒಳಗೆ ಒಯ್ಯುವ ಹಾಗಿಲ್ಲ. ಸುಧಾ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಿದ್ದಳು, ಅಲ್ಲಿ ಫೋನ್ ಎತ್ತುವ ಹಾಗಿಲ್ಲ. ಆದ್ದರಿಂದ ಗಿರಿ ಕೆಲಸಕ್ಕೆ ಅರ್ಜಿ ಹಾಕುವಾಗೆಲ್ಲ ನನ್ನ ಮೈಸೂರು ಸಿಮ್ಮಿನ ನಂಬರನ್ನೇ ಬರೆದ.

"ಅತ್ತೆ ಹೇಗೂ ಮನೇಲೇ ಇರ್ತಾರೆ, ಅವರು ಎತ್ತಿದ್ರೆ ಸಾಕು" ಎಂದ.

ಹೆಮ್ಮೆಯಿಂದ ಬೀಗಿದೆ. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಕಂಪನಿಯವರು ಇಂಗ್ಲಿಷಿನಲ್ಲಿ ಮಾತಾಡಿದರೆ? ಗಿರಿ ನನಗೆ ಬಾಯಿಪಾಠ ಮಾಡಿಸಿದ. "ಗಿರಿ ನಾಟ್ ಹೋಮ್. ಪ್ಲೀಸ್ ಟೆಲ್ ನಂಬರ್. ಹಿ ಕಾಲ್." ಬೆಳಿಗ್ಗೆ ದೇವರ ಮುಂದೆ ಸಹಸ್ರನಾಮದ ನಡುನಡುವೆ ಅದನ್ನೂ ಸೇರಿಸಿಕೊಂಡು ಹೇಳುತ್ತಿದ್ದೆ. ಫೋನು ಬಂದರೆ ಗಾಬರಿಯಲ್ಲಿ ಸಹಸ್ರನಾಮವೇ ಬಾಯಿಗೆ ಬಂದೀತು ಎನ್ನುವ ಹೆದರಿಕೆ ಬೇರೆ.

ಶ್ರಾವಣ ಬರುವ ಹೊತ್ತಿಗೆ ಒಂದು ಆಸೆ ಚಿಗುರಿತು. ಶಿಕಾಗೋ ಪಕ್ಕದ ಲೊಂಬಾರ್ಡ್‌ನ ಒಂದು ಕಂಪನಿ ಗಿರಿಯ ಜೊತೆ ಒಂದು ಸಲ ಮಾತಾಡಿತ್ತು. ಶುಕ್ರವಾರ ಫೋನ್ ಮಾಡಿ, ಮುಖತಃ ಬರಬೇಕೋ ಬೇಡವೋ ಹೇಳುತ್ತೇವೆ ಎಂದಿದ್ದರು.

"ಈ ಕಾಲ್ ಒಂದು ತಪ್ಪಿಸ್ಬೇಡಿ ಅತ್ತೆ. ನಾವು ಸಿಗದೇ ಇದ್ರೆ ಮುಂದಿನವನನ್ನ ಕರೀತಾರೆ. ಕ್ಯೂ ನಿಂತಿದೆ."

ನನ್ನ ಪ್ರಾಣ ಹೋದರೂ ತಪ್ಪಿಸುವುದಿಲ್ಲ ಎಂದೆ. ಪ್ರಾಣಕ್ಕೇನೂ ಆಗಲಿಲ್ಲ.

ಬುಧವಾರ ವಾಕಿಂಗ್ ಹೋದಾಗ ಶಾಂತವ್ವ ಸಿಕ್ಕಳು. ಹುಬ್ಬಳ್ಳಿ ಕಡೆಯವಳು, ಅದೇ ಸಬ್‌ಡಿವಿಷನ್ನಿನಲ್ಲಿ ಮಗನ ಮನೆಗೆ ಬಂದವಳು. ನನಗಿಂತ ಎರಡು ತಿಂಗಳು ಮುಂಚೆ ಬಂದಿದ್ದರಿಂದ ಅಮೆರಿಕದ ಬಗ್ಗೆ ಅವಳದೇ ಕೊನೆಯ ಮಾತು. ನನ್ನ ಸಿಮ್ಮಿನ ವಿಷಯ ಕೇಳಿ ತಲೆ ಆಡಿಸಿದಳು.

"ಅಕ್ಕಾರ, ಅದರಾಗ ಇಂಟರ್ನೆಟ್ ಎಷ್ಟು ತುಂಬಿಸ್ಕೊಂಡ ಬಂದೀರಿ?"

"ಒಂದು ಪ್ಯಾಕು."

"ಖಾಲಿ ಆತಂದ್ರ ಸಿಮ್ ಸತ್ತಂಗ ನೋಡ್ರಿ. ಮತ್ತ ನೀವು ನೋಡ್ರಿ ಬಿಡ್ರಿ, ಅದು ಸುಮ್ನ ಒಳಗ ಕುಂತು ತಿಂತಾನ ಇರ್ತೈತಿ."

ಹಾಗಾದರೆ ನನ್ನ ಇಂಟರ್ನೆಟ್ಟು ಮೈಸೂರು ಬಿಟ್ಟ ದಿನದಿಂದ ಸೋರುತ್ತಲೇ ಇದೆ! ಶುಕ್ರವಾರದ ಒಳಗೆ ಖಾಲಿಯಾಗಿ ಸಿಮ್ಮು ಸತ್ತರೆ ಗಿರಿಯ ಕೆಲಸದ ಗತಿ? ಅವನನ್ನು ಕೇಳೋಣವೆಂದರೆ, ಗೋದಾಮಿನಿಂದ ಬಂದು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಗ್ಯಾಸ್ ಸೋರುತ್ತಿದ್ದರೆ ನಾವು ಏನು ಮಾಡುತ್ತೇವೆ? ಸಿಲಿಂಡರು ಬಂದ್ ಮಾಡುತ್ತೇವೆ. ಗುರುವಾರ ಮಧ್ಯಾಹ್ನ ಫೋನಿನ ಬೆನ್ನು ತೆಗೆದು, ಬ್ಯಾಟರಿ ತೆಗೆದು, ಸಿಮ್ಮನ್ನು ಉಗುರಿನಿಂದ ಎಬ್ಬಿಸಿ ಹೊರಗೆ ತೆಗೆದೆ. ಶುಕ್ರವಾರ ಬೆಳಿಗ್ಗೆ ಮತ್ತೆ ಹಾಕಿದರಾಯಿತು.

ಉಗುರಿನಷ್ಟು ಇರುವ ವಸ್ತು. ಎಲ್ಲಿಡುವುದು? ನಾನು ಬಂಗಾರವನ್ನೂ ಬಟ್ಟೆಯ ಮಡಿಕೆಯಲ್ಲೇ ಇಡುವವಳು. ವರಮಹಾಲಕ್ಷ್ಮಿ ಹಬ್ಬದ ತಾಂಬೂಲಕ್ಕೆಂದು ಮೈಸೂರಿನಿಂದ ಒಂದು ಡಜನ್ ರವಿಕೆ ಕಣ ತಂದಿದ್ದೆ. ಸುಧಾ ಕರೆದಿದ್ದು ಹನ್ನೊಂದು ಜನರನ್ನು. ಮಿಕ್ಕಿದ್ದ ಒಂದು ನೀಲಿ ಕಣದ ನಡುಮಡಿಕೆಗೆ ಸಿಮ್ ಸೇರಿಸಿ, ಪಿನ್ನು ಚುಚ್ಚಿ, ಸೂಟ್‌ಕೇಸಿನ ತಳದಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ.

ಶುಕ್ರವಾರವೇ ಹಬ್ಬ. ಬೆಳಿಗ್ಗೆ ಎದ್ದವಳು ಕಳಸ, ಹೂವು, ಒಬ್ಬಟ್ಟು ಎಂದು ಓಡಾಡಿದ್ದೇ ಓಡಾಡಿದ್ದು. ಸಿಮ್ಮಿನ ನೆನಪು ಒಬ್ಬಟ್ಟಿನ ಹೂರಣದಲ್ಲಿ ಎಲ್ಲೋ ಕಲಸಿ ಹೋಯಿತು. ಸಂಜೆ ಗಿರಿ ಬಂದು ಕೇಳಿದ.

"ಅತ್ತೆ, ಫೋನ್ ರಿಂಗ್ ಆಯ್ತಾ?"

"ಇಲ್ಲಪ್ಪ."

ಸುಳ್ಳು ಹೇಳಲಿಲ್ಲ. ಅದು ನಿಜಕ್ಕೂ ರಿಂಗ್ ಆಗಿರಲಿಲ್ಲ.

ಅವನು ಸೋಫಾದ ತುದಿಯಲ್ಲಿ ಕುಳಿತ. ಬೂಟು ಬಿಚ್ಚುವುದನ್ನೂ ಮರೆತು ಕುಳಿತಿದ್ದ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಎಲೆ ಅಡಿಕೆ ತೆಗೆದಿಡುತ್ತಿದ್ದಾಗ, ಇದ್ದಕ್ಕಿದ್ದ ಹಾಗೆ ನೆನಪಾಯಿತು. ರೂಮಿಗೆ ಓಡಿ ಸೂಟ್‌ಕೇಸ್ ತೆರೆದೆ. ನೀಲಿ ಕಣ ಇಲ್ಲ. ಸೂಟ್‌ಕೇಸನ್ನೇ ತಲೆಕೆಳಗು ಮಾಡಿ ಬಡಿದೆ. ಒಂದು ನುಸಿಗುಳಿಗೆ ಬಿತ್ತು.

"ಸುಧಾ, ತಳದಲ್ಲಿ ಒಂದು ನೀಲಿ ಕಣ ಇತ್ತಲ್ಲೇ?"

"ಅದಾ? ನಿನ್ನೆ ನನ್ನ ಫ್ರೆಂಡ್ ವನಜಾನೂ ಬಂದ್ಬಿಟ್ಲಲ್ಲಮ್ಮ, ಕರೀದೇನೇ. ಹನ್ನೊಂದೇ ಜೋಡ್ಸಿದ್ದೆ. ಓಡಿ ಹೋಗಿ ಅದನ್ನ ತಂದು ಕೊಟ್ಟೆ. ಯಾಕೆ, ಬೇಕಿತ್ತಾ?"

ಬೇಕಿತ್ತೇ! ನನ್ನ ಅಳಿಯನ ಅನ್ನವನ್ನೇ ಎಲೆ ಅಡಿಕೆ ಜೊತೆ ಎತ್ತಿ ಕೊಟ್ಟಿದ್ದಾಯಿತು. ಬಾಯಿ ಬಿಡಲು ಧೈರ್ಯವಾಗಲಿಲ್ಲ. ಕನ್ನಡಕದ ಡಬ್ಬಿಯನ್ನು ನಿನ್ನೆ ವನಜನ ಮನೆಯಲ್ಲಿ ಬಿಟ್ಟು ಬಂದೆ ಎಂದು ಸುಳ್ಳು ಹೇಳಿ, ಸುಧಾಳನ್ನು ಲಿವೋನಿಯಾಕ್ಕೆ ಹೊರಡಿಸಿದೆ. ಹಿಂದಿನ ಸಂಜೆ ನಾವು ವನಜನ ಮನೆಯ ಪೂಜೆಗೂ ಹೋಗಿದ್ದೆವು.

ದಾರಿಯುದ್ದಕ್ಕೂ ಒಂದೇ ಯೋಚನೆ. ತಾಂಬೂಲದಲ್ಲಿ ಕೊಟ್ಟಿದ್ದನ್ನು ವಾಪಸ್ ಕೇಳುವುದೆಂದರೇನು? ನಮ್ಮ ವಂಶದಲ್ಲೇ ಯಾರೂ ಮಾಡದ ಕೆಲಸ. ಸುಧಾ ಕಾರು ನಿಲ್ಲಿಸಿ ಬರುವುದರೊಳಗೆ ನಾನು ಅಡುಗೆ ಮನೆಗೆ ನುಗ್ಗಿ ವನಜನ ಕೈ ಹಿಡಿದುಕೊಂಡೆ.

"ವನಜಾ, ನಿನ್ನೆ ನಮ್ಮನೇಲಿ ಕೊಟ್ಟ ನೀಲಿ ಬ್ಲೌಸ್ ಪೀಸು ಎಲ್ಲಿದೆಯಮ್ಮ?"

ಅವಳ ಮುಖ ಕೆಂಪಾಯಿತು. "ಇದೆ ಆಂಟಿ... ಬಹಳ ಚೆನ್ನಾಗಿತ್ತು ಆಂಟಿ."

"ಒಂದು ಸಲ ತೋರಿಸು."

"ಅಂದ್ರೆ... ಬೇಜಾರ್ ಮಾಡ್ಕೋಬೇಡಿ. ನಿನ್ನೆ ಸಂಜೆ ನಮ್ಮನೇಲೂ ಒಂದು ಪೀಸ್ ಕಮ್ಮಿ ಬಿತ್ತು. ಕಲರ್ ಪೇಪರಲ್ಲಿ ಸುತ್ತಿ ಒಬ್ರಿಗೆ ಕೊಟ್ಬಿಟ್ಟೆ."

"ಯಾರಿಗೆ?"

ವನಜಾ ನೆಲ ನೋಡಿದಳು. "ನಿಮಗೇ."

ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಹೌದು, ಗುಲಾಬಿ ಕಾಗದ ಸುತ್ತಿದ ಒಂದು ಪೊಟ್ಟಣ ನನಗೆ ಬಂದಿತ್ತು. ಬಿಚ್ಚಲಿಲ್ಲ. ರವಿಕೆ ಕಣವನ್ನು ಯಾರು ಬಿಚ್ಚುತ್ತಾರೆ? ಅದು ಹೊಲಿಸುವ ವಸ್ತುವಲ್ಲ, ಮುಂದಕ್ಕೆ ಕೊಡುವ ವಸ್ತು. ಇಣುಕುತ್ತಿದ್ದ ಮೂಲೆಯನ್ನು ಕಾರಿನ ಕತ್ತಲಲ್ಲಿ ಬೆರಳಿನಿಂದ ಮುಟ್ಟಿ, ನಾನು ಸುಧಾಗೆ ಹೇಳಿದ್ದೆ, "ಯಾವ ಪುಣ್ಯಾತ್ಗಿತ್ತಿ ಕೊಂಡ ಬಟ್ಟೆಯೋ. ಸೊಳ್ಳೆ ಪರದೆಗೂ ಆಗೋದಿಲ್ಲ." ಆ ಪುಣ್ಯಾತ್ಗಿತ್ತಿ ನಾನು. ಡಜನ್ ಲೆಕ್ಕದಲ್ಲಿ ಕೊಂಡಿದ್ದೆ.

ಆ ಪೊಟ್ಟಣವನ್ನು ಈ ಶನಿವಾರ ಬೆಳಿಗ್ಗೆ ಎಂಟಕ್ಕೇ ಶಾಂತವ್ವನಿಗೆ ಕೊಟ್ಟಿದ್ದೆ. ಊರಿಗೆ ಹೋಗುತ್ತೇನೆಂದು ಹೇಳಲು ಬಂದಿದ್ದಳು. ಯಾವ ಊರಿಗೆ? ಲೊಂಬಾರ್ಡ್‌ಗೆ, ಮಗಳ ಮನೆಗೆ.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಕಾರಿನಲ್ಲಿ ಸುಧಾಗೆ ಹೇಳಿದೆ. ಮನೆಗೆ ಬಂದು ಗಿರಿಗೆ ಹೇಳಿದೆ. ಅವನು ಬೈದಿದ್ದರೆ ಹಗುರಾಗುತ್ತಿತ್ತು. ಗೋಡೆಗೆ ಒರಗಿ ನಿಂತು, ಮೆಲ್ಲಗೆ ಕೇಳಿದ, "ಹಾಗಾದ್ರೆ ಅವರು ಫೋನ್ ಮಾಡಿರಬಹುದು, ಅಲ್ವಾ ಅತ್ತೆ?" ಆ ಮಾತು ಕೇಳಿ ನನಗೆ ನಿಜವಾಗಿ ಭಯವಾಯಿತು.

ಶಾಂತವ್ವನ ಮಗನ ಮೊಬೈಲಿಗೆ ಸುಧಾ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಅವರು ಅರ್ಧ ದಾರಿಯಲ್ಲಿದ್ದರು. ಬೆಳಿಗ್ಗೆ ಕೊಟ್ಟ ಪೊಟ್ಟಣ ಬೇಕಿತ್ತು ಎಂದು ಶಾಂತವ್ವನಿಗೆ ಹೇಳಿದೆ.

"ಅಯ್ಯ, ಕೊಟ್ಟದ್ದು ವಾಪಸ್ ಕೇಳ್ತೀರೇನ್ರಿ ಅಕ್ಕಾರ?"

"ಕಣ ನೀನೇ ಇಟ್ಟುಕೊ ತಾಯಿ. ಅದರೊಳಗೆ ಸಿಮ್ ಇದೆ. ನೀನೇ ತಾನೇ ಹೇಳಿದ್ದು, ತಿನ್ನುತ್ತೆ ಅಂತ?"

"ತಿಂತೈತಿ ಅಂದೆ. ತಗದು ರವಿಕಿ ಕಣದಾಗ ಇಡ್ರಿ ಅಂದಿದ್ದೆನೇನು?"

ಫೋನನ್ನು ಸುಧಾಳ ಕೈಗೆ ಕೊಟ್ಟು, ಅವಳ ಮಗಳ ಮನೆಯ ವಿಳಾಸ ಬರೆದುಕೊ ಎಂದೆ.

ಗಿರಿ, ನಾನು ತಕ್ಷಣ ಹೊರಟೆವು. ಇನ್ನೂರೆಪ್ಪತ್ತು ಮೈಲಿ ಚಿಲ್ಲರೆ. ಜೀವವಿಲ್ಲದ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಗಿರಿ, "ಅಲ್ಲಿ ಟೈಮು ಒಂದು ಗಂಟೆ ಹಿಂದೆ ಅತ್ತೆ" ಎಂದ. ಹಿಂದಕ್ಕೆ ಹೋಗುವುದೇ ಆದರೆ ಗುರುವಾರದವರೆಗೆ ಹೋಗಬಾರದೇ ಎಂದುಕೊಂಡೆ.

ಲೊಂಬಾರ್ಡ್‌ನ ಅಪಾರ್ಟ್‌ಮೆಂಟಿನ ಬಾಗಿಲು ತೆರೆದವಳು ಶಾಂತವ್ವನ ಮಗಳು. ಪ್ರಾಣ ಬಾಯಿಗೆ ಬಂದಿರುವಾಗ ಅವಳು ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು, ಕುಂಕುಮ ಹಚ್ಚಿದಳು. ಕೊನೆಗೆ ಒಂದು ತಟ್ಟೆಯಲ್ಲಿ ಎಲೆ, ಅಡಿಕೆ, ಗುಲಾಬಿ ಕಾಗದದ ಪೊಟ್ಟಣ.

"ಅಷ್ಟು ದೂರದಿಂದ ಬಂದೀರಿ. ಬರಿಗೈಲೆ ಹೆಂಗ ಕಳಸೂದ್ರಿ?"

ತಾಂಬೂಲವನ್ನು ಕೊಟ್ಟವರೆದುರೇ ಹರಿದು ನೋಡಿದ ಮೊದಲ ಹೆಂಗಸು ನಾನೇ ಇರಬೇಕು. ಪಿನ್ನು ಇತ್ತು. ಸಿಮ್ಮು ಇತ್ತು. ಗಿರಿಯ ಅವಸರಕ್ಕೆ ಸಿಮ್ ಎರಡು ಸಲ ಉಲ್ಟಾ ಹೋಯಿತು. ಫೋನು ಕಣ್ಣು ಬಿಟ್ಟಿತು. ಒಂದು ವಾಯ್ಸ್ ಮೆಸೇಜು. ಗಿರಿ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಗಾಜಿನಾಚೆ ಅವನ ಬೆನ್ನನ್ನೇ ನೋಡುತ್ತಾ ನಾನು ಕಾಣದ ದೇವರಿಗೆಲ್ಲ ಹರಕೆ ಹೊತ್ತೆ.

ಒಳಗೆ ಬಂದವನು ಕಣ್ಣು ಒರೆಸಿಕೊಂಡ. "ಸೋಮವಾರ ಹತ್ತು ಗಂಟೆಗೆ ಬರಬೇಕಂತೆ ಅತ್ತೆ. ಇಲ್ಲಿಂದ ಮೂರು ಮೈಲಿ."

ಭಾನುವಾರ ಅಲ್ಲೇ ಉಳಿದೆವು. ಸೋಮವಾರ ಶಾಂತವ್ವನ ಅಳಿಯನ ಕೋಟು ಹಾಕಿಕೊಂಡು ಗಿರಿ ಹೋದ. ತೋಳು ಎರಡು ಬೆರಳು ಗಿಡ್ಡವಿತ್ತು. ಕೆಲಸ ಸಿಕ್ಕಿತು. ಆ ಫೋನು ಬಂದಾಗ ಸಿಮ್ಮು ಗಿರಿಯ ಜೇಬಿನಲ್ಲಿತ್ತು, ನನ್ನ ಕೈಗೆ ಕೊಟ್ಟಿರಲಿಲ್ಲ. ನನ್ನ ಇಂಗ್ಲಿಷ್ ಬಾಯಿಪಾಠ ವ್ಯರ್ಥವಾಯಿತು.

ಒಂದು ದಿನ ಗಿರಿಯನ್ನು ಕೇಳಿದೆ, "ನನ್ನ ಇಂಟರ್ನೆಟ್ಟು ಎಷ್ಟು ಸೋರಿದೆ ನೋಡಪ್ಪ."

ಅವನು ನೋಡಿದ. "ಒಂದು ಚೂರೂ ಖರ್ಚಾಗಿಲ್ಲ ಅತ್ತೆ. ಇದನ್ನ ಆನ್ ಮಾಡೇ ಇಲ್ಲ."

ಹಾಗೆ ಮೈಸೂರಿನಿಂದ ಹೊತ್ತುಕೊಂಡು ಹೋದ ಇಂಟರ್ನೆಟ್ಟನ್ನು ಮುದ್ರೆ ಒಡೆಯದೆ ಮೈಸೂರಿಗೆ ವಾಪಸ್ ತಂದೆ.

ನೀಲಿ ಕಣವನ್ನು ಮಾತ್ರ ಇನ್ನು ಯಾರಿಗೂ ಕೊಡುವುದಿಲ್ಲವೆಂದು ಹೊಲಿಸಿಕೊಂಡೆ. ಮೊದಲ ಒಗೆತಕ್ಕೇ ಬಣ್ಣವೆಲ್ಲ ಬಕೆಟ್ಟಿಗೆ ಇಳಿದು, ನಮ್ಮ ಯಜಮಾನರ ಎರಡು ಬಿಳಿ ಪಂಚೆ ಆಕಾಶದ ಬಣ್ಣಕ್ಕೆ ತಿರುಗಿದವು. ಉಳಿದ ಹನ್ನೊಂದು ಕಣಗಳು ಪ್ಲಿಮತ್, ಲಿವೋನಿಯಾ, ಲೊಂಬಾರ್ಡ್ ಎಂದು ಇನ್ನೂ ಮನೆಯಿಂದ ಮನೆಗೆ ಸುತ್ತುತ್ತಿವೆಯಂತೆ. ಯಾರೂ ಒಂದನ್ನೂ ಹೊಲಿಸಿಲ್ಲ, ಒಗೆದೂ ಇಲ್ಲ. ಅಮೆರಿಕದಲ್ಲಿ ನನ್ನ ಮಾನ ಉಳಿದಿರುವುದು ಹಾಗೆ.